ಗೋವಾದಿಂದ ಬಂದ ಮಗಳನ್ನು ಕಾರವಾರದ ಸರ್ಕಾರಿ ಹೈಸ್ಕೂಲಿಗೆ ಸೇರಿಸಿದ ಕಥೆ

ಮಗಳ ಹೆಸರು ಯುಡೈಸ್‌ನಲ್ಲೂ (ದೇಶದ ಶಾಲಾಮಕ್ಕಳ ಆನ್‌ಲೈನ್ ದಾಖಲೆ) ನಮ್ಮ ಶಾಲೆಗೆ ಬಂತು ಅಂತ ಹೋದ ವಾರ ಹೈಸ್ಕೂಲಿನ ಗುಮಾಸ್ತರು ಫೋನ್ ಮಾಡಿ ಹೇಳಿದರು. ಮೇ ಕೊನೆಯಲ್ಲಿ ಶುರುವಾದ ಕೆಲಸ, ದಸರಾ ರಜೆ ಕಳೆದ ಮೇಲೆ ಮುಗಿಯಿತು. ಕಾರವಾರ, ಅಂಕೋಲಾ ಕಡೆಯ ಎಷ್ಟೋ ಮನೆಯವರು ಗೋವಾದಲ್ಲಿ ದುಡಿಯುತ್ತಾರೆ. ಮಕ್ಕಳು ಅಲ್ಲೇ ಓದುತ್ತಾರೆ. ಊರಿಗೆ ಮರಳಬೇಕಾಗಿ ಬಂದರೆ ಮೊದಲು ತಲೆ ತಿನ್ನುವುದು ಶಾಲೆಯ ವಿಷಯ. ನನಗೆ ಯಾರೂ ಪೂರ್ತಿ ಹೇಳಿರಲಿಲ್ಲ. ಒಬ್ಬೊಬ್ಬರು ಒಂದೊಂದು ಹೇಳಿದರು. ಹಾಗಾಗಿ ಬರೆದಿಡುತ್ತಿದ್ದೇನೆ.

ಸರ್ಕಾರಿ ಹೈಸ್ಕೂಲಿನಲ್ಲಿ ಸೀಟಿಗೆ ಕಷ್ಟವಿಲ್ಲ. ಪರೀಕ್ಷೆ ಇಲ್ಲ, ಸಂದರ್ಶನ ಇಲ್ಲ, ಸುತ್ತಲಿನ ಊರಿನ ಯಾವ ಮಗು ಬಂದರೂ ಸೇರಿಸಿಕೊಳ್ಳುತ್ತಾರೆ. ಆದರೆ ಆ ಸೀಟಿನ ಜೊತೆ ಬರುವ ಸೌಲಭ್ಯಗಳು ಕೈಗೆ ಸಿಗಬೇಕಾದರೆ ಶಾಲೆ ದಾಖಲೆ, ಆಧಾರ್, ಬ್ಯಾಂಕ್ ಖಾತೆ ಮೂರರಲ್ಲೂ ಹೆಸರು ಒಂದೇ ಥರ ಇರಬೇಕು. ನಮ್ಮ ಓಡಾಟವೆಲ್ಲ ಆದದ್ದು ಅದಕ್ಕೇ.

ನಾವು ಮಡಗಾಂವ್‌ನಲ್ಲಿ ಬಾಡಿಗೆ ಮನೆಯಲ್ಲಿದ್ದೆವು. ಅತ್ತೆ ಬಿದ್ದು ಸೊಂಟ ಮುರಿದುಕೊಂಡರು. ಸದಾಶಿವಗಡದ ಕಡೆಯ ನಮ್ಮ ಮನೆಯಲ್ಲಿ ಅವರನ್ನು ನೋಡಿಕೊಳ್ಳಲು ಯಾರೂ ಇರಲಿಲ್ಲ. ಗಂಡ ಅಲ್ಲೇ ಕೆಲಸದಲ್ಲಿ ಉಳಿದರು, ನಾನೂ ಮಗಳೂ ಊರಿಗೆ ಬಂದೆವು. ಅವಳು ಆಗಷ್ಟೇ 7ನೇ ತರಗತಿ ಮುಗಿಸಿದ್ದಳು.

ಮೊದಲು ಕಾರವಾರ ಪೇಟೆಯ ಖಾಸಗಿ ಶಾಲೆಗಳಲ್ಲಿ ಕೇಳಿದೆವು. ಫೀಸು, ಡೊನೇಶನ್, ವ್ಯಾನು ಎಲ್ಲ ಸೇರಿಸಿ ಹೇಳಿದ ಲೆಕ್ಕ ಕೇಳಿ ಗಂಡ ಫೋನಿನಲ್ಲೇ ಸುಮ್ಮನಾದರು. ನಾನು ಕಲಿತದ್ದು ಸರ್ಕಾರಿ ಶಾಲೆಯಲ್ಲೇ. ಆದರೂ ಮಗಳ ವಿಷಯದಲ್ಲಿ ಅಳುಕು ಇತ್ತು, ಸುಳ್ಳು ಯಾಕೆ ಹೇಳಲಿ. ಪಕ್ಕದ ಮನೆಯ ಹುಡುಗಿ ಹತ್ತಿರದ ಸರ್ಕಾರಿ ಹೈಸ್ಕೂಲಿನಲ್ಲೇ ಓದಿ, ಅದೇ ಕಂಪೌಂಡಿನ ಪಿಯು ಕಾಲೇಜಿನಲ್ಲಿ ಸೈನ್ಸ್ ತಗೊಂಡಿದ್ದಳು. ಅವಳ ಅಮ್ಮ, "ಒಂದ್ಸಲ ಹೋಗಿ ನೋಡಿ ಬನ್ನಿ, ಆಮೇಲೆ ಬೇಡ ಅನ್ನಿ" ಅಂದರು.

ಕರ್ನಾಟಕದಲ್ಲಿ 2025ರಲ್ಲಿ ಶಾಲೆ ಶುರುವಾದದ್ದು ಮೇ 29ಕ್ಕೆ. ನಾವು ಆ ವಾರವೇ ಹೋದೆವು. ಮುಖ್ಯ ಶಿಕ್ಷಕಿ ನಮ್ಮನ್ನು ಕೂರಿಸಿ ಮಗಳ ಹತ್ತಿರ ಕೊಂಕಣಿಯಲ್ಲೇ ಮಾತಾಡಿದರು. ಇಂಗ್ಲಿಷ್ ಮೀಡಿಯಂ ವಿಭಾಗವೂ ಇದೆ, ಅದಕ್ಕೇ ಹಾಕೋಣ ಅಂದರು. ಟಿಸಿ ಇನ್ನೂ ಕೈಗೆ ಬಂದಿಲ್ಲ ಅಂತ ನಾನು ಹೆದರಿಕೊಂಡೇ ಹೇಳಿದೆ. "ಮಗು ನಾಳೆಯಿಂದ ಬರ್ಲಿ. ಕಾಗದ ನಿಧಾನಕ್ಕೆ ತನ್ನಿ" ಅಂದರು.

ಇದು ಅವರ ಒಳ್ಳೆಯತನ ಮಾತ್ರ ಅಲ್ಲ, ಕಾನೂನೇ ಹಾಗಿದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಟಿಸಿ ತಡವಾಯಿತು ಅಂತ ಮಗುವನ್ನು ಸೇರಿಸಿಕೊಳ್ಳದೆ ಇರುವ ಹಾಗಿಲ್ಲ. ವಯಸ್ಸಿನ ದಾಖಲೆ ಇಲ್ಲ ಅಂತಲೂ ಹಾಗೆ ಮಾಡುವ ಹಾಗಿಲ್ಲ. ಆದರೆ ಆ ಕಾಯ್ದೆ ಇರುವುದು 8ನೇ ತರಗತಿಯವರೆಗೆ. ನಿಮ್ಮ ಮಗು 9ಕ್ಕೋ 10ಕ್ಕೋ ಸೇರುವುದಿದ್ದರೆ ಟಿಸಿ ಮೊದಲೇ ಕೈಯಲ್ಲಿಟ್ಟುಕೊಂಡು ಬನ್ನಿ.

ಇನ್ನು ಗೋವಾದ ಕಡೆಯ ತಾಪತ್ರಯ. ಅಲ್ಲಿ 2025ರಿಂದ 6ರಿಂದ 10ರವರೆಗಿನ ತರಗತಿಗಳನ್ನು ಏಪ್ರಿಲ್ 7ಕ್ಕೇ ಶುರು ಮಾಡಿದ್ದರು. ಮಗಳು ಏಪ್ರಿಲ್‌ನಲ್ಲಿ ಅಲ್ಲೇ 8ನೇ ತರಗತಿಯಲ್ಲಿ ಕೂತು ಬಂದಿದ್ದಳು. ಹೀಗಾಗಿ ಟಿಸಿ ಕೇಳಿದಾಗ ಹೊಸ ವರ್ಷದ ಫೀಸಿನ ಮೊದಲ ಕಂತು ಕಟ್ಟಿ ಅಂದರು. ಗಂಡ ಕೆಲಸದ ನಡುವೆ ಮತ್ತೆ ಮತ್ತೆ ಹೋಗಿ, ಮಾತಾಡಿ, ಅರ್ಧಕ್ಕೆ ಇಳಿಸಿಕೊಂಡು ಬಂದರು. ಕೊಟ್ಟ ಟಿಸಿಯಲ್ಲಿ, ಅಂದರೆ ಲೀವಿಂಗ್ ಸರ್ಟಿಫಿಕೇಟಿನಲ್ಲಿ, '8ನೇ ತರಗತಿಯಲ್ಲಿ ಓದುತ್ತಿದ್ದಾಗ ಬಿಟ್ಟಿದ್ದಾಳೆ' ಅಂತ ಬರೆದಿತ್ತು. ಇಲ್ಲಿ ಗುಮಾಸ್ತರು ಅದನ್ನು ನೋಡಿ, 7 ಪಾಸಾದ ಅಂಕಪಟ್ಟಿ ಬೇರೆಯಾಗಿ ಬೇಕು ಅಂದರು. ನಮ್ಮ ಪುಣ್ಯಕ್ಕೆ ಪ್ರೋಗ್ರೆಸ್ ಕಾರ್ಡ್ ಬಿಸಾಡಿರಲಿಲ್ಲ. ಆ ಕಾರ್ಡಿನ ಉಪಯೋಗ ಮುಂದೆ ಇನ್ನೊಂದು ಕಡೆಯೂ ಬಂತು, ಹೇಳುತ್ತೇನೆ.

ಹೊರರಾಜ್ಯದ ಟಿಸಿಗೆ ಅಲ್ಲಿನ ಶಿಕ್ಷಣ ಇಲಾಖೆಯ ಅಧಿಕಾರಿಯ ಮೇಲುರುಜು ಬೇಕು. ಕೌಂಟರ್ ಸೈನ್ ಅಂತಾರಲ್ಲ, ಅದು. ಶಾಲೆಯವರು ಇದನ್ನು ತಾವಾಗಿ ಹೇಳುವುದಿಲ್ಲ. ಟಿಸಿ ತಗೊಳ್ಳುವಾಗಲೇ ಕೇಳಿ, ಯಾವ ಕಚೇರಿ ಅಂತ ತಿಳಿದುಕೊಂಡು, ಅಲ್ಲೇ ಸಹಿ ಮಾಡಿಸಿಕೊಂಡೇ ಬನ್ನಿ. ಇಲ್ಲದಿದ್ದರೆ ಅದೊಂದು ಸಹಿಗಾಗಿ ಕದಂಬ ಬಸ್ಸಿನಲ್ಲಿ ಪೋಳೆ ಚೆಕ್‌ಪೋಸ್ಟ್ ದಾಟಿ ಮತ್ತೆ ಹೋಗಬೇಕಾಗುತ್ತದೆ. ನಾನು ಅಂಥ ಮಳೆಯಲ್ಲಿ ಹೋಗಿ ಬಂದೆ. ಸಹಿ ಮಾಡುವವರು ಊಟಕ್ಕೆ ಹೋಗಿದ್ದರು. ಮೆಟ್ಟಿಲ ಮೇಲೆ ಕೊಡೆಯ ನೀರು ಬಸಿಯುತ್ತಾ ಕೂತಿದ್ದೆ. ಬಂದ ಮೇಲೆ ಸಹಿಗೆ ಹಿಡಿದದ್ದು ಅರೆ ನಿಮಿಷ.

ಆಮೇಲೆ ಹೆಸರಿನ ಗಂಟು. ನಮ್ಮ ಅಡ್ಡಹೆಸರು ನಾಯ್ಕ. ಇಂಗ್ಲಿಷಿನಲ್ಲಿ ಐ ಹಾಕಿ ಬರೆಯುತ್ತೇವೆ. ಕಾರವಾರದಲ್ಲಿ ಮಾಡಿಸಿದ ಜನನ ಪ್ರಮಾಣಪತ್ರದಲ್ಲೂ, ಗೋವಾದ ಟಿಸಿಯಲ್ಲೂ ಹಾಗೇ ಇದೆ. ಆದರೆ ಚಿಕ್ಕವಳಿದ್ದಾಗ ಆಧಾರ್ ಮಾಡಿದವರು ವೈ ಹಾಕಿ 'ನಾಯಕ' ಮಾಡಿಬಿಟ್ಟಿದ್ದರು. ನಮ್ಮ ಜಿಲ್ಲೆಯವರಿಗೆ ಇದರ ಅರ್ಥ ಬಿಡಿಸಿ ಹೇಳಬೇಕಿಲ್ಲ. ನಾಯ್ಕರು ಬೇರೆ, ನಾಯಕರು ಬೇರೆ. ಒಂದಕ್ಷರಕ್ಕೆ ಜಾತಿಯೇ ಬದಲಾದ ಹಾಗೆ. ಕರ್ನಾಟಕದ ಶಾಲಾಮಕ್ಕಳ ಆನ್‌ಲೈನ್ ದಾಖಲೆ ಸ್ಯಾಟ್ಸ್‌ನಲ್ಲಿ ಹೆಸರು ಆಧಾರ್ ಜೊತೆ ಹೊಂದಲಿಲ್ಲ. ಜಾತಿ-ಆದಾಯ ಪ್ರಮಾಣಪತ್ರಕ್ಕೆ ಹೋದರೆ ನಾಡಕಚೇರಿಯಲ್ಲೂ ಅದೇ ಪ್ರಶ್ನೆ ಬಂತು.

ಅಷ್ಟರಲ್ಲಿ ಬಸ್ಸಿನಲ್ಲೂ ಪೇಚಾಟ ಶುರುವಾಯಿತು. 2023ರ ಜೂನ್ 11ರಿಂದ ಶಕ್ತಿ ಯೋಜನೆ ಇದೆ, ಹೆಣ್ಣುಮಕ್ಕಳಿಗೆ ಸಾರಿಗೆ ಬಸ್ಸಿನಲ್ಲಿ ಟಿಕೆಟ್ ಇಲ್ಲ. ಆದರೆ ಅದು ಕರ್ನಾಟಕದ ವಿಳಾಸ ಇರುವವರಿಗೆ. ಮಗಳ ಆಧಾರಿನಲ್ಲಿ ಮಡಗಾಂವ್ ವಿಳಾಸ. ಕಂಡಕ್ಟರ್ ಕಾರ್ಡ್ ತಿರುಗಿಸಿ ನೋಡಿ, "ಗೋವಾ ಅಡ್ರೆಸ್ ಅಲ್ವಾ ತಂಗಿ, ಟಿಕೆಟ್ ತಗೋಬೇಕು" ಅಂದರಂತೆ. ಅವರದೇನೂ ತಪ್ಪಿಲ್ಲ. ಆದರೆ ಜೊತೆಗಿದ್ದ ಹುಡುಗಿಯರೆಲ್ಲ ಜೀರೋ ಟಿಕೆಟ್ ಹಿಡಿದಿರುವಾಗ ಇವಳೊಬ್ಬಳೇ ಚಿಲ್ಲರೆ ಎಣಿಸಬೇಕಾಯಿತು. ಮನೆಗೆ ಬಂದು ಚೀಲ ಎಸೆದು, "ಆಯಿ, ನಾನು ಇಲ್ಲಿಯವಳಲ್ವಾ?" ಅಂತ ಕೇಳಿದಳು. ಹೊಸ ಶಾಲೆ, ಹೊಸ ಭಾಷೆ ಎಲ್ಲದಕ್ಕಿಂತ ಅವಳಿಗೆ ಹೆಚ್ಚು ನೋವಾದದ್ದು ಇದೇ ಇರಬೇಕು.

ಹಾಗಾಗಿ ಆಧಾರನ್ನೇ ಮೊದಲು ಸರಿ ಮಾಡಿಸಿದೆವು. ನಿಮಗೂ ಹೇಳುವುದು ಅದನ್ನೇ. ಉಳಿದದ್ದೆಲ್ಲ ಅದರ ಹಿಂದೆ ಬರುತ್ತದೆ. ಹೆಸರಿಗೆ ಜನನ ಪ್ರಮಾಣಪತ್ರ ಸಾಕಾಯಿತು. ವಿಳಾಸಕ್ಕೆ ನನ್ನ ಆಧಾರ್ ಕೆಲಸಕ್ಕೆ ಬಂತು. ನನ್ನದರಲ್ಲಿ ಊರಿನ ವಿಳಾಸವೇ ಇತ್ತು, ಕುಟುಂಬದ ಮುಖ್ಯಸ್ಥರ ಆಧಾರ್ ತೋರಿಸಿ ಮಗುವಿನ ವಿಳಾಸ ಬದಲಾಯಿಸಬಹುದು. ಆಗ ಶುಲ್ಕ 50 ರೂಪಾಯಿ ಇತ್ತು, 2025ರ ಅಕ್ಟೋಬರ್‌ನಿಂದ 75 ಆಗಿದೆ. ಹೆಸರನ್ನು ಜೀವನದಲ್ಲಿ ಎರಡೇ ಸಲ ಬದಲಾಯಿಸಲು ಬಿಡುತ್ತಾರೆ, ಹಾಗಾಗಿ ಆಧಾರ್ ಕೇಂದ್ರದವರು ಟೈಪ್ ಮಾಡಿದ್ದನ್ನು ಸ್ಕ್ರೀನಿನಲ್ಲಿ ಅಕ್ಷರ ಅಕ್ಷರ ಓದಿ ನೋಡಿ, ಆಮೇಲೇ ಹೂಂ ಅನ್ನಿ. ಕೇಂದ್ರದಲ್ಲಿ ಟೋಕನ್ ಮುಗಿಯಿತು, ಸರ್ವರ್ ಇಲ್ಲ, ಇವತ್ತು ಆಪರೇಟರ್ ರಜೆ, ಎಲ್ಲವನ್ನೂ ಕೇಳಿಸಿಕೊಂಡೆ. ಅದೂ ಕಾಳಿ ನದಿ ದಾಟಿ ಪೇಟೆಗೆ ಹೋಗಿ. 2024ರ ಆಗಸ್ಟ್‌ನಲ್ಲಿ ಹಳೇ ಸೇತುವೆ ಕುಸಿದ ಮೇಲೆ ಎರಡೂ ಕಡೆಯ ವಾಹನಕ್ಕೆ ಒಂದೇ ಸೇತುವೆ. ಮಳೆಗಾಲದಲ್ಲಿ ಒಂದು ಲಾರಿ ಕೆಟ್ಟು ನಿಂತರೆ ಅವತ್ತಿನ ಕೆಲಸ ಮುಗಿದ ಹಾಗೆ.

ಆಧಾರ್ ಸರಿಯಾದ ಮೇಲೆ ಸ್ಯಾಟ್ಸ್ ನಂಬರ್ ಬಂತು, ನಾಡಕಚೇರಿಯ ಅರ್ಜಿಯೂ ಮುಂದೆ ಹೋಯಿತು. ಪ್ರಮಾಣಪತ್ರದ ಮೇಲೆ ಆರ್‌ಡಿ ಅಂತ ಶುರುವಾಗುವ ಒಂದು ನಂಬರ್ ಇರುತ್ತದೆ. ಸ್ಕಾಲರ್‌ಶಿಪ್‌ಗೆ ಹಾಕುವ ಎಸ್‌ಎಸ್‌ಪಿ (ರಾಜ್ಯದ ಸ್ಕಾಲರ್‌ಶಿಪ್ ಪೋರ್ಟಲ್) ಅರ್ಜಿಯಲ್ಲಿ ಕಾಗದ ಕೇಳುವುದಿಲ್ಲ, ಆ ನಂಬರ್ ಕೇಳುತ್ತಾರೆ. ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ಆದಾಯ ಪ್ರಮಾಣಪತ್ರ 5 ವರ್ಷ ನಡೆಯುತ್ತದೆ, ಈಗ ಮಾಡಿಸಿದರೆ ಪಿಯುವರೆಗೆ ನೆಮ್ಮದಿ. ಸ್ಕಾಲರ್‌ಶಿಪ್ ದುಡ್ಡು ಬರುವುದು ಆಧಾರ್ ಜೋಡಿಸಿದ ಖಾತೆಗೆ. ಆಧಾರ್ ಜೆರಾಕ್ಸ್ ಕೊಟ್ಟ ಮಾತ್ರಕ್ಕೆ ಜೋಡಣೆ ಆಯಿತು ಅಂತ ತಿಳಿಯಬೇಡಿ. ಎನ್‌ಪಿಸಿಐ ಸೀಡಿಂಗ್ ಆಗಿದೆಯಾ ಅಂತ ಕೌಂಟರಿನಲ್ಲಿ ಆ ಪದವನ್ನೇ ಹೇಳಿ ಕೇಳಿ. ಮಗಳಿಗೆ ಅಂಚೆ ಕಚೇರಿಯ ಪೇಮೆಂಟ್ಸ್ ಬ್ಯಾಂಕಿನಲ್ಲಿ ಖಾತೆ ಮಾಡಿಸಿದೆವು, 10 ವರ್ಷ ತುಂಬಿದ ಮಕ್ಕಳಿಗೆ ಕೊಡುತ್ತಾರೆ.

ಕೊನೆಗೆ ಉಳಿದದ್ದು ಯುಡೈಸ್. ದೇಶದ ಎಲ್ಲ ಶಾಲಾಮಕ್ಕಳಿಗೂ ಅದರಲ್ಲಿ ಪೆನ್ ಅಂತ ಒಂದು ನಂಬರ್ ಇರುತ್ತದೆ. ಹಳೇ ಶಾಲೆಯವರು ತಮ್ಮ ಲಾಗಿನ್‌ನಿಂದ ಮಗುವನ್ನು ಬಿಟ್ಟುಕೊಡದೆ ಹೊಸ ಶಾಲೆಯವರು ಎಳೆದುಕೊಳ್ಳಲು ಆಗುವುದಿಲ್ಲ. ಅಲ್ಲಿಯವರು 'ಇವತ್ತು ಮಾಡ್ತೇವೆ, ನಾಳೆ ಮಾಡ್ತೇವೆ' ಅನ್ನುತ್ತಾ ತಿಂಗಳುಗಟ್ಟಲೆ ಕಳೆದರು. ಪಾಠಕ್ಕೆ ಇದರಿಂದ ಏನೂ ತೊಂದರೆ ಆಗಲಿಲ್ಲ. ಆದರೆ ಲೆಕ್ಕದಲ್ಲಿ ಮಗಳು ಗೋವಾದಲ್ಲೇ ಇದ್ದಳು. ಟಿಸಿ ತಗೊಂಡ ದಿನವೇ ಕೌಂಟರ್ ಬಿಡದೆ ನಿಂತು ಇದನ್ನು ಮಾಡಿಸಿಕೊಳ್ಳಿ. ಪೆನ್ ನಂಬರ್ ಟಿಸಿಯಲ್ಲಿ ಬರೆದಿದೆಯಾ ಅಂತಲೂ ನೋಡಿ.

ಕಾಗದದ ಮಾತು ಸಾಕು. ಶಾಲೆ ಹೇಗಿದೆ ಅಂತ ಕೇಳುವವರೇ ಜಾಸ್ತಿ.

ಮಗಳಿಗೆ ದೊಡ್ಡ ಬೆಟ್ಟವಾದದ್ದು ಕನ್ನಡ. ಮನೆಯಲ್ಲಿ ಕೊಂಕಣಿ, ಅಲ್ಲಿ ಓದಿದ್ದು ಇಂಗ್ಲಿಷ್, ಹಿಂದಿ ಮತ್ತು ದೇವನಾಗರಿ ಕೊಂಕಣಿ. ನನ್ನ ಜೊತೆ ಕನ್ನಡ ಮಾತಾಡುತ್ತಾಳೆ, ಬರೆಯಲು ಬರುತ್ತಿರಲಿಲ್ಲ. ಇಲ್ಲಿ ಇಂಗ್ಲಿಷ್ ಮೀಡಿಯಂ ಆದರೂ ಮೊದಲ ಭಾಷೆ ಕನ್ನಡವೇ. ಎಸ್‌ಎಸ್‌ಎಲ್‌ಸಿಯಲ್ಲಿ ಮೊದಲ ಭಾಷೆಗೆ 125 ಅಂಕ, ಉಳಿದವಕ್ಕೆ ನೂರು ನೂರು. ತಪ್ಪಿಸಿಕೊಳ್ಳುವ ಹಾಗಿಲ್ಲ. ಜೂನ್‌ನಲ್ಲಿ ಎಲ್ಲ ಸರ್ಕಾರಿ ಶಾಲೆಗಳಲ್ಲಿ ಸೇತುಬಂಧ ಅಂತ ನಡೆಸುತ್ತಾರೆ, ಹಿಂದಿನ ತರಗತಿಯದ್ದು ಎಷ್ಟು ಬರುತ್ತದೆ ಅಂತ ನೋಡಿ ಮತ್ತೆ ಹೇಳಿಕೊಡುವುದು. ಆ ಪರೀಕ್ಷೆಯಲ್ಲಿ ಕನ್ನಡದ ಹಾಳೆ ಪೂರ್ತಿ ಖಾಲಿ ಬಿಟ್ಟು ಬಂದಳು.

ಕನ್ನಡ ಟೀಚರ್ ಬೈಯಲಿಲ್ಲ. ಮರಾಠಿ ಶಾಲೆಯಿಂದ ಬಂದ ಇನ್ನಿಬ್ಬರನ್ನೂ ಇವಳನ್ನೂ ಊಟದ ನಂತರ ಸ್ಟಾಫ್ ರೂಮಿನ ಹೊರಗಿನ ಬೆಂಚಿನಲ್ಲಿ ಕೂರಿಸಿ ಕಾಗುಣಿತದಿಂದ ಶುರು ಮಾಡಿದರು. ನಾನು ಯಾವುದೋ ಕಾಗದ ಕೊಡಲು ಹೋದಾಗ ನೋಡಿದೆ. 'ಅಕ್ಕ' ಅಂತ ಬರೆಯಲು ಹೇಳಿದ್ದರು. ಒತ್ತು ಕೆಳಗೆ ಬರಬೇಕು ಅನ್ನುವುದು ಇವಳ ಕೈಗೆ ಹತ್ತುತ್ತಿರಲಿಲ್ಲ, ಎರಡು 'ಕ'ವನ್ನು ಪಕ್ಕಪಕ್ಕ ಅಂಟಿಸುತ್ತಿದ್ದಳು. ಟೀಚರ್ ಅವಳ ಕೈ ಹಿಡಿದು ಪೆನ್ಸಿಲ್ಲನ್ನು ಅಕ್ಷರದ ಅಡಿಗೆ ಇಳಿಸಿ, "ಇಲ್ಲಿ ನೇತು ಹಾಕು" ಅಂದರು. 8ನೇ ತರಗತಿಯ ಹುಡುಗಿ ಒಂದನೇ ತರಗತಿಯ ಕಾಪಿ ಬರೆಯುತ್ತಿದ್ದಳು. ನನಗೆ ಗಂಟಲು ಕಟ್ಟಿತು. ಅವಳಿಗೆ ಏನೂ ಅನ್ನಿಸಿರಲಿಲ್ಲ. ಅರ್ಧ ವರ್ಷದ ಪರೀಕ್ಷೆಯಲ್ಲಿ ಕನ್ನಡದಲ್ಲಿ ಪಾಸಾದಳು, ಅಷ್ಟೇ. ಹಳಗನ್ನಡದ ಪದ್ಯ ಬಂದರೆ ಇಬ್ಬರೂ ಕೂತು ತಲೆ ಕೆರೆದುಕೊಳ್ಳುತ್ತೇವೆ.

ಪಠ್ಯಪುಸ್ತಕ ಪುಕ್ಕಟೆ. ಸಮವಸ್ತ್ರದ ಬಟ್ಟೆ ಕೊಟ್ಟರು, ಹೈಸ್ಕೂಲ್ ಹುಡುಗಿಯರಿಗೆ ಚೂಡಿದಾರ್. ಹೊಲಿಗೆ ನಮ್ಮದು, ಟೈಲರ್ 450 ತಗೊಂಡಳು. ಶೂ, ಸಾಕ್ಸ್ ಬಂದದ್ದು ತಡವಾಗಿ, ಅದುವರೆಗೆ ಹಳೇದರಲ್ಲೇ ಹೋದಳು. ನೋಟ್‌ಬುಕ್, ಕೊಡೆ, ಜೆರಾಕ್ಸು, ಗೋವಾ ಓಡಾಟ ಎಲ್ಲ ಸೇರಿ ನಮಗೆ ನಾಲ್ಕು ಸಾವಿರದ ಒಳಗೇ ಮುಗಿಯಿತು, ಅಲ್ಲಿ ಕಟ್ಟಿದ ಅರ್ಧ ಕಂತು ಬಿಟ್ಟು. ಸೈಕಲ್ ಕೊಡ್ತಾರಾ ಅಂತ ಬಹಳ ಜನ ಕೇಳುತ್ತಾರೆ. 2006-07ರಲ್ಲಿ 8ನೇ ತರಗತಿಯವರಿಗೆ ಶುರು ಮಾಡಿದ್ದರು, ನಮಗೆಲ್ಲ ಅದು ನೆನಪಿದೆ. ಮಗಳಿಗೆ ಬಂದಿಲ್ಲ, ಅದನ್ನು ನಂಬಿಕೊಂಡು ಕೂರಬೇಡಿ.

ಬಿಸಿಯೂಟ 10ನೇ ತರಗತಿಯವರೆಗೂ ಇದೆ. ಮೊದಲ ವಾರ ಮಗಳು ಡಬ್ಬಿ ಒಯ್ದಳು. ಎಲ್ಲರೂ ಸಾಲಾಗಿ ಕೂತು ಬಿಸಿ ಅನ್ನ ಸಾಂಬಾರ್ ತಿನ್ನುವಾಗ ಇವಳೊಬ್ಬಳು ತಣ್ಣನೆಯ ಚಪಾತಿ ಬಿಚ್ಚಬೇಕು. ಎರಡನೇ ವಾರ ಡಬ್ಬಿ ಮನೆಯಲ್ಲೇ ಉಳಿಯಿತು. ಅಜೀಂ ಪ್ರೇಮ್‌ಜಿ ಫೌಂಡೇಶನ್‌ನ ನೆರವು ಬಂದ ಮೇಲೆ, 2024ರಿಂದ, ವಾರದಲ್ಲಿ ಆರು ದಿನವೂ ಮೊಟ್ಟೆ ಕೊಡುವ ವ್ಯವಸ್ಥೆ ಆಗಿದೆ. ತಿನ್ನದವರಿಗೆ ಬಾಳೆಹಣ್ಣು. ಬೆಳಿಗ್ಗೆ ಹಾಲು, ಕೆಲವು ದಿನ ರಾಗಿ ಮಾಲ್ಟ್. ಸಾಂಬಾರ್ ಒಂದೊಂದು ದಿನ ತೀರಾ ನೀರು ಅನ್ನುತ್ತಾಳೆ. ನನ್ನ ಸಾಂಬಾರಿಗೂ ಅದೇ ಮಾತು ಅನ್ನುತ್ತಾಳೆ.

ಬೇಸರದ ಸಂಗತಿಗಳೂ ಇವೆ. ಗಣಿತದ ಹುದ್ದೆ ಖಾಲಿ ಇತ್ತು, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಜುಲೈ ಬಂತು. ಬಂದವರು ಚೆನ್ನಾಗಿ ಹೇಳಿಕೊಡುತ್ತಾರೆ, ಆದರೆ ಮುಂದಿನ ವರ್ಷ ಅವರೇ ಇರುತ್ತಾರೆ ಅಂತ ಹೇಳಲಾಗದು. ಮಳೆಗಾಲದಲ್ಲಿ ರೆಡ್ ಅಲರ್ಟ್ ಅಂದರೆ ಜಿಲ್ಲಾಧಿಕಾರಿ ರಜೆ ಕೊಡುತ್ತಾರೆ. ಶಿರೂರು ಗುಡ್ಡ ಕುಸಿತ ಕಂಡ ಜಿಲ್ಲೆ ನಮ್ಮದು, ಆ ರಜೆಗೆ ನನ್ನ ತಕರಾರಿಲ್ಲ. ನನಗೆ ಸಿಟ್ಟು ಬಂದದ್ದು ದಸರಾದಲ್ಲಿ. ರಾಜ್ಯ ಸರ್ಕಾರದ ಜಾತಿ ಸಮೀಕ್ಷೆಗೆ ಶಿಕ್ಷಕರನ್ನೇ ಮನೆಮನೆಗೆ ಕಳಿಸಿ, ಅದು ಮುಗಿಯದೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು. ಖಾಸಗಿ ಶಾಲೆಯ ಮಕ್ಕಳು ಅಷ್ಟರಲ್ಲಿ ಪಾಠಕ್ಕೆ ಹೋಗುತ್ತಿದ್ದರು. ಈಗ ಹೆಚ್ಚುವರಿ ತರಗತಿ ಮಾಡಿ ಸರಿದೂಗಿಸುತ್ತಿದ್ದಾರೆ. ಮಾಡುವವರೂ ಅದೇ ಶಿಕ್ಷಕರು, ಪಾಪ.

ಇನ್ನೊಂದು ವಿಷಯವನ್ನು ಶಾಲೆಯವರು ಹೇಳಿದರೂ ಪೋಷಕರು ಕಿವಿಗೆ ಹಾಕಿಕೊಳ್ಳುವುದಿಲ್ಲ. ಎನ್‌ಎಂಎಂಎಸ್ ಪರೀಕ್ಷೆ. ಇದು ಕೇಂದ್ರ ಸರ್ಕಾರದ ಸ್ಕಾಲರ್‌ಶಿಪ್ ಪರೀಕ್ಷೆ, ಸರ್ಕಾರಿ ಮತ್ತು ಅನುದಾನಿತ ಶಾಲೆಯ 8ನೇ ತರಗತಿಯವರಿಗೆ ಮಾತ್ರ. ಪಾಸಾಗಿ ಪಟ್ಟಿಯಲ್ಲಿ ಬಂದರೆ 9ರಿಂದ ದ್ವಿತೀಯ ಪಿಯುವರೆಗೆ ವರ್ಷಕ್ಕೆ 12,000, ಒಟ್ಟು 48,000 ರೂಪಾಯಿ. ಮನೆಯ ಆದಾಯ ಮೂರೂವರೆ ಲಕ್ಷದ ಒಳಗಿರಬೇಕು, 7ರಲ್ಲಿ ಶೇಕಡಾ 55 ಅಂಕ ಬೇಕು, ಪರಿಶಿಷ್ಟರಿಗೆ 50. ಆ ಗೋವಾದ ಪ್ರೋಗ್ರೆಸ್ ಕಾರ್ಡ್ ಮತ್ತೆ ಬೇಕಾದದ್ದು ಇಲ್ಲೇ. ಬುದ್ಧಿಶಕ್ತಿಯದ್ದು ಒಂದು ಪತ್ರಿಕೆ, ಪಾಠದ್ದು ಒಂದು, ಒಂದೊಂದಕ್ಕೂ 90 ಪ್ರಶ್ನೆ. ಶಾಲೆಯಲ್ಲಿ ಬೆಳಿಗ್ಗೆ ಬೇಗ ಕರೆದು ಅಭ್ಯಾಸ ಮಾಡಿಸುತ್ತಾರೆ. ತರಗತಿಯ ಅರ್ಧ ಮಕ್ಕಳೂ ಬರುವುದಿಲ್ಲ ಅಂತ ಮುಖ್ಯ ಶಿಕ್ಷಕಿ ಕೊರಗುತ್ತಿದ್ದರು. ವರ್ಷವರ್ಷವೂ ಅಂಕ ಉಳಿಸಿಕೊಳ್ಳಬೇಕು, ನಡುವೆ ಖಾಸಗಿ ಕಾಲೇಜಿಗೆ ಹೋದರೆ ದುಡ್ಡು ನಿಲ್ಲುತ್ತದೆ.

ಗೋವಾದಿಂದ ಬರುವವರು ಮುಂದಿನ ಸಿಇಟಿಯ (ಪಿಯು ಆದ ಮೇಲೆ ಇಂಜಿನಿಯರಿಂಗ್ ಥರದ ಕೋರ್ಸಿಗೆ ಬರೆಯುವ ಪರೀಕ್ಷೆ) ಲೆಕ್ಕವನ್ನೂ ಈಗಲೇ ಹಾಕಿಡಿ. ಸರ್ಕಾರಿ ಸೀಟಿಗೆ ಮಗು ಕರ್ನಾಟಕದಲ್ಲಿ ಕನಿಷ್ಠ 7 ವರ್ಷ ಓದಿರಬೇಕು ಅನ್ನುವ ನಿಯಮ ಇದೆ. ನನ್ನ ಮಗಳಿಗೆ 8ರಿಂದ ಪಿಯುವರೆಗೆ ಸೇರಿಸಿದರೂ ಐದೇ ಆಗುತ್ತದೆ. ಇದನ್ನು ಕೇಳಿ ಎದೆ ಧಸಕ್ ಅಂದಿತ್ತು. ಗುಮಾಸ್ತರೇ ಇನ್ನೊಂದು ದಾರಿ ತೋರಿಸಿದರು. ಮಗು ಎರಡೂ ವರ್ಷದ ಪಿಯು ಇಲ್ಲೇ ಓದಿ ಪಾಸಾಗಿ, ಅಪ್ಪ ಅಮ್ಮನಲ್ಲಿ ಒಬ್ಬರು ಕರ್ನಾಟಕದಲ್ಲಿ 7 ವರ್ಷ ಓದಿದ್ದರೆ ಅರ್ಹತೆ ಸಿಗುತ್ತದೆ. ಹಾಗಾಗಿ ನಿಮ್ಮ ಶಾಲೆಯ ವ್ಯಾಸಂಗ ಪ್ರಮಾಣಪತ್ರ ತೆಗೆಸಿ, ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೇಲುರುಜು ಮಾಡಿಸಿ ಇಟ್ಟುಕೊಳ್ಳಿ. ನಾನು ಓದಿದ ಪ್ರಾಥಮಿಕ ಶಾಲೆಯಲ್ಲಿ ಈಗ ಮಕ್ಕಳು ಬೆರಳೆಣಿಕೆಯಷ್ಟಿದ್ದಾರೆ, ಮುಚ್ಚಿದರೆ ರಿಜಿಸ್ಟರ್ ಯಾವ ಕಪಾಟು ಸೇರುತ್ತದೋ. ದೀಪಾವಳಿ ಕಳೆದ ಕೂಡಲೇ ಹೋಗಿ ಮಾಡಿಸಿಕೊಂಡು ಬಂದೆ.

ಎಸ್‌ಎಸ್‌ಪಿ ಅರ್ಜಿ ಹಾಕಿ ಆಗಿದೆ, ದುಡ್ಡು ಇನ್ನೂ ಬಂದಿಲ್ಲ. ಖಾತೆಗೆ ಬರಲು ತಿಂಗಳುಗಳೇ ಹಿಡಿಯುತ್ತವೆ ಅಂತ ಹಳೇ ಪೋಷಕರು ಹೇಳುತ್ತಾರೆ. ಅರ್ಜಿ ಹಾಕಿದ ಮೇಲೆ ಬರುವ ಸ್ವೀಕೃತಿಯ ಪ್ರಿಂಟ್ ತೆಗೆದು ಒಂದು ಪ್ರತಿ ಶಾಲೆಗೆ ಕೊಡಿ, ಒಂದು ನೀವಿಟ್ಟುಕೊಳ್ಳಿ. ನಮ್ಮ ಶಾಲೆಯಲ್ಲಿ ಅದನ್ನು ಕೊಡಲು ಶನಿವಾರ ಬೆಳಿಗ್ಗೆ ಹೋಗುವುದು ಒಳ್ಳೆಯದು, ಬೇರೆ ದಿನ ಗುಮಾಸ್ತರಿಗೆ ಉಸಿರಾಡಲೂ ಪುರುಸೊತ್ತಿರುವುದಿಲ್ಲ.